ಇರುಂಗಾಟ್ಟುಕೋಟೈಗೆ ಎರಡನೆಯ ಪಯಣ: ಒಂದು ತಿರುವಿನ ಸುತ್ತ ಹೆಣೆದ ಯೋಜನೆ

ಬೆಂಗಳೂರಿನಿಂದ ಚೆನ್ನೈಗೆ ರಸ್ತೆಯ ಮೂಲಕ ಹೋಗಿಬಂದವರೆಲ್ಲ ಇರುಂಗಾಟ್ಟುಕೋಟೈಯನ್ನು ದಾಟಿಯೇ ಹೋಗಿರುತ್ತಾರೆ. ಶ್ರೀಪೆರುಂಬುದೂರನ್ನು ಕಳೆದು ಚೆನ್ನೈ ಕಡೆಗೆ ಸ್ವಲ್ಪ ದೂರ ಸಾಗಿದರೆ ಹ್ಯುಂಡೈ ಕಾರು ಕಾರ್ಖಾನೆಯ ವಿಸ್ತಾರವಾದ ಆವರಣ ಕಾಣಿಸುತ್ತದೆ. ಹೆಚ್ಚಿನವರ ನೆನಪಿನಲ್ಲಿ ಉಳಿಯುವುದು ಅದೊಂದೇ. ಅದೇ ಊರಿನಲ್ಲಿ 3.717 ಕಿಲೋಮೀಟರ್ ಉದ್ದದ, ಹನ್ನೆರಡು ತಿರುವುಗಳ ಒಂದು ರೇಸಿಂಗ್ ಟ್ರ್ಯಾಕ್ ಇದೆ ಎಂಬುದು ನನಗೂ ಬಹಳ ವರ್ಷ ತಿಳಿದಿರಲಿಲ್ಲ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿ ನಡೆಸುತ್ತಿರುವ ಈ ಟ್ರ್ಯಾಕನ್ನು ಈಚೆಗೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂದು ಕರೆಯುತ್ತಾರಾದರೂ, ರೇಸಿನ ಜೊತೆ ಒಡನಾಟವಿರುವವರ ಬಾಯಲ್ಲಿ ಅದು ಇಂದಿಗೂ ಮದ್ರಾಸ್ ಮೋಟರ್ ರೇಸ್ ಟ್ರ್ಯಾಕ್, ಅಂದರೆ ಎಂಎಂಆರ್‌ಟಿ. ಈ ಸಲ ಅಲ್ಲಿಗೆ ಮನೆಯವರೊಡನೆ ಹೋಗಬೇಕೆಂದು ನಿರ್ಧರಿಸಿ ಎರಡು ತಿಂಗಳಿನಿಂದ ಯೋಜನೆ ಹಾಕುತ್ತಿದ್ದೇನೆ. ಆ ಯೋಜನೆ ಹೀಗೇಕೆ ರೂಪುಗೊಂಡಿತು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ. ಹೊರಡಲು ಯೋಚಿಸುತ್ತಿರುವ ಬೇರೆಯವರಿಗೂ ಉಪಯೋಗವಾದೀತು.

ಕೆಲವು ವರ್ಷಗಳ ಹಿಂದೆ ನಾನು ಮೊದಲ ಬಾರಿಗೆ ಅಲ್ಲಿಗೆ ಹೋದದ್ದು ಒಬ್ಬನೇ, ಅದೂ ಭಾನುವಾರ ಮಾತ್ರ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವನು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಟ್ರ್ಯಾಕ್ ತಲುಪಿ, ಮುಖ್ಯ ನೇರದಾರಿಯ ಬದಿಯಲ್ಲಿ ನೆರಳು ಸಿಕ್ಕ ಕಡೆ ನಿಂತುಕೊಂಡೆ. ರೇಸ್ ಆರಂಭವಾಗುವುದೂ ಮುಗಿಯುವುದೂ ಅಲ್ಲಿಯೇ ಆದ್ದರಿಂದ ಅದೇ ಶ್ರೇಷ್ಠವಾದ ಜಾಗ ಎಂದು ಭಾವಿಸಿದ್ದೆ. ಬೈಕುಗಳು ಗುಂಪಾಗಿ ಬಂದವು, ಸದ್ದು ಎದೆಗೆ ಬಡಿಯಿತು, ಬಣ್ಣಗಳು ಎಡದಿಂದ ಬಲಕ್ಕೆ ಹರಿದುಹೋದವು, ಮತ್ತೆ ಸುಮಾರು ಎರಡು ನಿಮಿಷ ಮೌನ. ಯಾರು ಯಾರನ್ನು ಎಲ್ಲಿ ಹಿಂದಿಕ್ಕಿದರು, ಮೂರನೆಯವನು ಎರಡನೆಯವನಾದದ್ದು ಹೇಗೆ ಎಂಬುದೊಂದೂ ನನಗೆ ಕಾಣಲಿಲ್ಲ, ಏಕೆಂದರೆ ಅವೆಲ್ಲ ನಡೆದದ್ದು ನನ್ನ ಕಣ್ಣಿಗೆ ಬೀಳದ ತಿರುವುಗಳಲ್ಲಿ. ಸಂಜೆ ವಾಪಸಾಗುವಾಗ ಮನಸ್ಸಿನಲ್ಲಿ ಉಳಿದದ್ದು ಶಬ್ದ ಮಾತ್ರ.

ಟಿವಿಯಲ್ಲಿ ರೇಸ್ ನೋಡಿ ಬೆಳೆದವರಿಗೆ ಈ ನಿರಾಸೆ ಸಹಜವಾದದ್ದೇ. ಅಲ್ಲಿ ಕ್ಯಾಮೆರಾ ವಾಹನದ ಜೊತೆಗೇ ಓಡುತ್ತದೆ, ನಾವು ಕೂತಲ್ಲಿಗೆ ಇಡೀ ಟ್ರ್ಯಾಕನ್ನು ತಂದು ಕೊಡುತ್ತದೆ. ಟ್ರ್ಯಾಕಿನ ಬದಿಯಲ್ಲಿ ನಾವು ನಿಂತಲ್ಲೇ ನಿಂತಿರುತ್ತೇವೆ, ವಾಹನ ಬಂದು ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಸರಾಸರಿ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಓಡುವ ಬೈಕು 3.717 ಕಿಲೋಮೀಟರಿನ ಒಂದು ಸುತ್ತನ್ನು ಮುಗಿಸಲು 1 ನಿಮಿಷ 50 ಸೆಕೆಂಡಿಗಿಂತ ತುಸು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಎಂಟು ಸುತ್ತಿನ ಒಂದು ರೇಸೆಂದರೆ ಹದಿನೈದು ನಿಮಿಷದ ಆಟ. ಅದರಲ್ಲಿ ಒಬ್ಬ ಸವಾರ ನಮ್ಮ ಮುಂದೆ ಹಾಯುವುದು ಎಂಟೇ ಸಲ. ನೇರದಾರಿಯಲ್ಲಿ ನಿಂತವನಿಗೆ ಪ್ರತಿ ಸಲವೂ ಅವನು ಎರಡು ಮೂರು ಸೆಕೆಂಡು ಮಾತ್ರ ದಕ್ಕುತ್ತಾನೆ. ನಿಧಾನವಾದ ತಿರುವಿನ ಬಳಿ ನಿಂತವನಿಗಾದರೆ ಬ್ರೇಕ್ ಹಿಡಿಯುವುದು, ಗೇರ್ ಇಳಿಸುವುದು, ಒಳಕ್ಕೆ ವಾಲುವುದು, ತಿರುವಿನ ಒಳ ಅಂಚನ್ನು ಸವರಿ ಮತ್ತೆ ಹೊರ ಅಂಚಿನವರೆಗೆ ಹಬ್ಬಿ ವೇಗ ಪಡೆಯುವುದು, ಎಲ್ಲವೂ ಕಾಣುತ್ತದೆ. ಪ್ರತಿ ಸಲ ಏಳೆಂಟು ಸೆಕೆಂಡು ದಕ್ಕುತ್ತದೆ. ಆದ್ದರಿಂದ ರೇಸಿಗೆ ಹೋಗುವ ಯೋಜನೆಯೆಂದರೆ ಎಲ್ಲಿ ನಿಲ್ಲಬೇಕು ಎಂಬುದರ ಯೋಜನೆ. ದಿನಾಂಕ, ರೈಲು, ಹೋಟೆಲು, ಊಟ ಇವೆಲ್ಲ ಆಮೇಲಿನವು.

ಈ ಮಾತನ್ನು ನನಗೆ ಮನದಟ್ಟು ಮಾಡಿಸಿದವರು ನನ್ನ ತಂದೆ. ಅವರು 1980ರ ದಶಕದ ಆರಂಭದಲ್ಲಿ ಮದ್ರಾಸಿನಲ್ಲಿ ಕೆಲಸಕ್ಕಿದ್ದರು. ಆಗ ಇರುಂಗಾಟ್ಟುಕೋಟೈಯ ಟ್ರ್ಯಾಕ್ ಇರಲಿಲ್ಲ. ನಗರದ ಉತ್ತರಕ್ಕೆ, ರೆಡ್‌ಹಿಲ್ಸ್ ದಾಟಿದ ಮೇಲೆ ಸಿಗುವ ಷೋಲಾವರಂನ ಹಳೆಯ ವಿಮಾನ ಓಡುದಾರಿಯಲ್ಲೇ ರೇಸುಗಳು ನಡೆಯುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದ ಆ ಓಡುದಾರಿಯ ಮೇಲೆ 1953ರಲ್ಲಿ ಹುಟ್ಟಿದ ಮದ್ರಾಸ್ ಕ್ಲಬ್ಬಿನವರು ದಶಕಗಳ ಕಾಲ ಸ್ಪರ್ಧೆ ನಡೆಸಿದರು. ಕೊಯಮತ್ತೂರಿನ ಕರಿವರ್ಧನ್, ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಮುಂತಾದವರು ಅಲ್ಲಿ ಕಾರು ಓಡಿಸುತ್ತಿದ್ದ ಕಾಲವದು. ಮಲ್ಯ ಅವರು ಎನ್ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ತರಿಸಿಕೊಂಡು ಓಡಿಸಿದ್ದರು. ತಂದೆಯವರು ಬಿಸಿಲಿನಲ್ಲಿ ಜನರ ನಡುವೆ ನುಗ್ಗಿ ಯಾವಾಗಲೂ ಒಂದು ತಿರುವಿನ ಹೊರಬದಿಗೇ ಹೋಗಿ ನಿಲ್ಲುತ್ತಿದ್ದರಂತೆ. ‘ಎಷ್ಟು ಜೋರಾಗಿ ಓಡುತ್ತಾನೆ ಅನ್ನುವುದು ಎಂಜಿನ್ನಿನ ವಿಷಯ, ಎಷ್ಟು ತಡವಾಗಿ ಬ್ರೇಕ್ ಹಿಡಿಯುತ್ತಾನೆ ಅನ್ನುವುದು ಮನುಷ್ಯನ ವಿಷಯ’ ಎಂದು ಅವರು ಹೇಳುತ್ತಿದ್ದರು. ಅವರು ಈಗಿಲ್ಲ. ನನ್ನ ಮೊದಲ ಭೇಟಿಗೆ ಮುನ್ನ ಈ ಮಾತನ್ನು ನೆನಪಿಸಿಕೊಂಡಿದ್ದರೆ ಆ ದಿನ ಬೇರೆಯಾಗಿರುತ್ತಿತ್ತು.

ಕ್ಲಬ್ಬಿನವರು ಸ್ವಂತ ನೆಲದಲ್ಲಿ ಕಟ್ಟಿದ ಇರುಂಗಾಟ್ಟುಕೋಟೈಯ ಟ್ರ್ಯಾಕ್ 1990ರಲ್ಲಿ ಆರಂಭವಾಯಿತು. ಸರ್ಕಾರವಾಗಲಿ ದೊಡ್ಡ ಉದ್ಯಮವಾಗಲಿ ಅಲ್ಲ, ಹವ್ಯಾಸಿಗಳ ಒಂದು ಸಂಘ ಇಂಥದ್ದನ್ನು ಕಟ್ಟಿ ಮೂರು ದಶಕಕ್ಕೂ ಮೀರಿ ಉಳಿಸಿಕೊಂಡಿದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ದೆಹಲಿಯ ಬಳಿ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್ ಇದಕ್ಕಿಂತ ದೊಡ್ಡದು, 5.125 ಕಿಲೋಮೀಟರ್ ಉದ್ದದ್ದು. 2011ರಿಂದ 2013ರವರೆಗೆ ಅಲ್ಲಿ ಫಾರ್ಮುಲಾ ಒನ್ ನಡೆದು ಮೂರು ಸಲವೂ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು, 2023ರಲ್ಲಿ ಬೈಕುಗಳ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೊಜಿಪಿಯೂ ಬಂತು. ಆದರೆ ಅಷ್ಟು ದೂರ ಹೋಗಿಬರುವ ಖರ್ಚಿನಲ್ಲಿ ನಮ್ಮ ಮನೆಯವರು ದಕ್ಷಿಣದ ಟ್ರ್ಯಾಕುಗಳನ್ನು ಮೂರು ನಾಲ್ಕು ಸಲ ನೋಡಿ ಬರಬಹುದು. ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳಯದಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. 1995ರಲ್ಲಿ ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡ ಕರಿವರ್ಧನ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಕಡಿಮೆ ಖರ್ಚಿನ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿ ಒಂದು ತಲೆಮಾರಿನ ಚಾಲಕರಿಗೆ ದಾರಿ ಮಾಡಿಕೊಟ್ಟವರು ಅವರು. ಆ ಟ್ರ್ಯಾಕ್ ಚಿಕ್ಕದು, ನೋಡಲು ಹಿತವಾದದ್ದು ಎನ್ನುತ್ತಾರೆ. ಮುಂದಿನ ವರ್ಷ ಅಲ್ಲಿಗೆ. ಈ ವರ್ಷ ಇರುಂಗಾಟ್ಟುಕೋಟೈಯೇ ಸರಿ, ನಾನು ಸರಿಯಾಗಿ ನೋಡದೆ ಬಂದ ಜಾಗವನ್ನು ಮೊದಲು ಸರಿಯಾಗಿ ನೋಡಬೇಕು.

ಯಾವಾಗ ಹೋಗಬೇಕು ಎಂಬುದಕ್ಕೆ ಮೊದಲ ನಿಯಮ, ರೇಸ್ ಇಲ್ಲದ ದಿನ ಹೋಗಿ ಪ್ರಯೋಜನವಿಲ್ಲ. ಉಳಿದ ದಿನಗಳಲ್ಲಿ ಟ್ರ್ಯಾಕನ್ನು ವಾಹನ ಕಂಪನಿಗಳ ಪರೀಕ್ಷೆಗೋ ತರಬೇತಿ ಶಾಲೆಗಳಿಗೋ ಬಾಡಿಗೆಗೆ ಕೊಟ್ಟಿರುತ್ತಾರೆ, ದಾರಿಹೋಕರಿಗೆ ಒಳಗೆ ಪ್ರವೇಶ ಸಿಗುವುದಿಲ್ಲ. ರಾಷ್ಟ್ರೀಯ ಕಾರು ರೇಸಿಂಗ್ ಚಾಂಪಿಯನ್‌ಷಿಪ್ ಮತ್ತು ರಾಷ್ಟ್ರೀಯ ಮೋಟರ್‌ಸೈಕಲ್ ರೇಸಿಂಗ್ ಚಾಂಪಿಯನ್‌ಷಿಪ್ ಎರಡೂ ಬೇರೆ ಬೇರೆ ವಾರಾಂತ್ಯಗಳ ಹಲವು ಸುತ್ತುಗಳಲ್ಲಿ ನಡೆಯುತ್ತವೆ. ಮೋಟರ್ ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಪ್ರಕಟಿಸುವ ಕ್ಯಾಲೆಂಡರಿನಲ್ಲಿ ಅವುಗಳ ದಿನಾಂಕವಿರುತ್ತದೆ. ಮಳೆ ಅಥವಾ ಬೇರೆ ಕಾರಣಗಳಿಗೆ ದಿನಾಂಕ ಬದಲಾಗುವುದುಂಟು, ಆದ್ದರಿಂದ ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿಕೊಳ್ಳಬೇಕು. ಪ್ರೇಕ್ಷಕರನ್ನು ಎಲ್ಲಿಯವರೆಗೆ ಬಿಡುತ್ತಾರೆ, ಟಿಕೆಟ್ ಇದೆಯೇ ಎಂಬುದನ್ನೂ ಅದೇ ಹೊತ್ತಿಗೆ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಹವಾಮಾನವನ್ನು ನಾವು ಬೆಂಗಳೂರಿನವರು ಹಗುರವಾಗಿ ತೆಗೆದುಕೊಳ್ಳುತ್ತೇವೆ. ಜೂನ್, ಜುಲೈನಲ್ಲಿ ನಮ್ಮಲ್ಲಿ ತಂಪು ಮೋಡ ಕವಿದಿರುವಾಗ ಅಲ್ಲಿ ಬಿಸಿಲು ಉರಿಯುತ್ತಿರುತ್ತದೆ, ಸಮುದ್ರದ ತೇವ ಬೇರೆ ಗಾಳಿಯಲ್ಲಿ ತುಂಬಿರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ ಚೆನ್ನೈ ಸುತ್ತಮುತ್ತ ಸುರಿಯುತ್ತದೆ. ಆದರೂ ನನಗೆ ಮಳೆಯ ಸಾಧ್ಯತೆಯಿರುವ ವಾರಾಂತ್ಯವೇ ಇಷ್ಟ. ಒದ್ದೆ ನೆಲದಲ್ಲಿ ಒಣ ದಿನದ ಲೆಕ್ಕಾಚಾರಗಳೆಲ್ಲ ಕೆಡುತ್ತವೆ: ರಬ್ಬರು ಅಂಟಿ ನುಣುಪಾದ ಎಂದಿನ ಜಾಡು ಜಾರತೊಡಗುತ್ತದೆ, ಚಾಲಕರು ತಿರುವಿನ ಹೊರಭಾಗದಲ್ಲಿ ಹಿಡಿತ ಹುಡುಕುತ್ತಾರೆ, ಹಿಂದಿದ್ದವರು ಮುಂದೆ ಬರುತ್ತಾರೆ. ಒಂದು ತಿರುವಿನ ಬಳಿ ನಿಂತು ನೋಡುವವನಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಅಮ್ಮನ ಆರೋಗ್ಯದ ದೃಷ್ಟಿಯಿಂದ ಮಾತ್ರ ಕಡು ಬಿಸಿಲಿನ ತಿಂಗಳುಗಳನ್ನು ಬಿಟ್ಟು, ವರ್ಷದ ಉತ್ತರಾರ್ಧದ ಸುತ್ತೊಂದನ್ನು ಆರಿಸಿಕೊಂಡಿದ್ದೇವೆ.

ಎರಡನೆಯ ನಿಯಮ ಶನಿವಾರ ಅಲ್ಲಿರಬೇಕು ಎಂಬುದು. ಭಾನುವಾರದ ಫಲಿತಾಂಶ ಬೇಕೆನ್ನುವವರಿಗೆ ಭಾನುವಾರ ಸಾಕು. ಆಟ ಅರ್ಥವಾಗಬೇಕೆನ್ನುವವರಿಗೆ ಅಭ್ಯಾಸ ಮತ್ತು ರೇಸಿನಲ್ಲಿ ಯಾರು ಎಷ್ಟನೆಯ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಕ್ವಾಲಿಫೈಯಿಂಗ್ ನಡೆಯುವ ಹೊತ್ತು ಬೇಕು. ಆಗ ವಾಹನಗಳು ಗುಂಪಿನಲ್ಲಿ ಬರದೆ ಒಂದೊಂದಾಗಿ ಬರುತ್ತವೆ, ಒಂದೇ ತಿರುವನ್ನು ಹತ್ತು ಜನ ಹತ್ತು ಬಗೆಯಲ್ಲಿ ತೆಗೆದುಕೊಳ್ಳುವುದನ್ನು ಹೋಲಿಸಿ ನೋಡಬಹುದು. ಒಬ್ಬ ಬೇಗ ಬ್ರೇಕ್ ಹಿಡಿದು ಬೇಗ ವೇಗ ಪಡೆಯುತ್ತಾನೆ, ಇನ್ನೊಬ್ಬ ತಿರುವಿನೊಳಕ್ಕೂ ಬ್ರೇಕನ್ನು ಎಳೆದುಕೊಂಡು ಹೋಗಿ ಹೊರಬರುವಾಗ ತಡವರಿಸುತ್ತಾನೆ. ಕಣ್ಣು ಮುಚ್ಚಿಕೊಂಡು ಕೇಳಿದರೂ ಗೊತ್ತಾಗುತ್ತದೆ. ಥ್ರಾಟಲನ್ನು ಧೈರ್ಯವಾಗಿ ಒಂದೇ ಸಲ ತೆರೆದವನ ಎಂಜಿನ್ ಒಂದೇ ಸ್ವರದಲ್ಲಿ ಏರುತ್ತದೆ, ಅನುಮಾನಿಸಿದವನದು ಮಧ್ಯೆ ತುಂಡಾಗುತ್ತದೆ. ನೇರದಾರಿ ಮುಗಿದೊಡನೆ ಬಲಕ್ಕೆ ಹೊರಳುವ ಮೊದಲ ತಿರುವನ್ನು ಟ್ರ್ಯಾಕಿನವರು ಸಿ1 ಎನ್ನುತ್ತಾರೆ. ಅದು ವೇಗದ ತಿರುವು, ಎದೆಗಾರಿಕೆಯನ್ನು ಅಳೆಯುವಂಥದ್ದು. ಅಲ್ಲಿಯೂ ಒಂದು ಅವಧಿ ಕಳೆಯಬೇಕೆಂಬ ಆಸೆ ನನಗಿದೆ, ಆದರೆ ಹೆಚ್ಚಿನ ಹೊತ್ತನ್ನು ಜೋರಾಗಿ ಬ್ರೇಕ್ ಹಿಡಿಯಲೇಬೇಕಾದ ನಿಧಾನದ ತಿರುವೊಂದಕ್ಕೆ ಮೀಸಲಿಟ್ಟಿದ್ದೇನೆ.

ದಾರಿಯ ವಿಷಯ ಸುಲಭ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು ಮಾರ್ಗವಾಗಿ ಸುಮಾರು 300 ಕಿಲೋಮೀಟರ್. ಹೊಸಕೋಟೆಯಿಂದ ಶ್ರೀಪೆರುಂಬುದೂರಿನವರೆಗೆ 262 ಕಿಲೋಮೀಟರಿನ ಹೊಸ ಎಕ್ಸ್‌ಪ್ರೆಸ್‌ವೇ ಪೂರ್ತಿಯಾಗಿ ಬಳಕೆಗೆ ಬಂದರೆ ಈ ಪಯಣದ ಲೆಕ್ಕವೇ ಬದಲಾಗುತ್ತದೆ. ನಾವು ಹಳೆಯ ಹೆದ್ದಾರಿಯಲ್ಲೇ ಶುಕ್ರವಾರ ಮಧ್ಯಾಹ್ನ ಹೊರಟು ರಾತ್ರಿಗೆ ತಲುಪುತ್ತೇವೆ. ರೇಸಿನ ದಿನವೇ ಅಷ್ಟು ದೂರ ವಾಹನ ಓಡಿಸಿ, ದಣಿದ ಕಣ್ಣಿನಲ್ಲಿ ನೋಡಿ, ಅದೇ ಸಂಜೆ ಮರಳುವ ತಪ್ಪನ್ನು ಮತ್ತೆ ಮಾಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ದಿನವಿಡೀ ವೇಗವನ್ನೇ ನೋಡಿದವನ ಬಲಗಾಲು ಸಂಜೆ ಹೆದ್ದಾರಿಯಲ್ಲಿ ಭಾರವಾಗಿರುತ್ತದೆ. ಸೋಮವಾರ ಬೆಳಿಗ್ಗೆ ಹೊರಡುವುದೇ ಕ್ಷೇಮ. ಉಳಿದುಕೊಳ್ಳಲು ಶ್ರೀಪೆರುಂಬುದೂರಿನಲ್ಲಿ ಸಾಕಷ್ಟು ಹೋಟೆಲುಗಳಿವೆ. ಕಾರ್ಖಾನೆಗಳಿಗೆ ಬಂದು ನೆಲೆಸಿದ ಕೊರಿಯಾದವರಿಗಾಗಿ ಅಲ್ಲಿ ಕೊರಿಯನ್ ಲಿಪಿಯ ಫಲಕಗಳೂ ಊಟದ ಮನೆಗಳೂ ಹುಟ್ಟಿಕೊಂಡಿರುವುದು ಮಗಳಿಗೆ ರೇಸಿನಷ್ಟೇ ಕುತೂಹಲದ ವಿಷಯವಾಗಿದೆ.

ಅಮ್ಮನನ್ನು ಕರೆದೊಯ್ಯುವುದಕ್ಕೆ ಶ್ರೀಪೆರುಂಬುದೂರೇ ಕಾರಣವಾಯಿತು. ಅದು ರಾಮಾನುಜಾಚಾರ್ಯರು ಹುಟ್ಟಿದ ಊರು. ಸಂಪ್ರದಾಯದ ಪ್ರಕಾರ ಅವರ ಜನನ 1017ರಲ್ಲಿ. ಮೇಲುಕೋಟೆಯನ್ನು ಕಂಡು ಬೆಳೆದ ಅಮ್ಮನಿಗೆ ಆಚಾರ್ಯರು ಬದುಕಿದ ನೆಲ ಗೊತ್ತು, ಹುಟ್ಟಿದ ನೆಲವನ್ನು ನೋಡಿಲ್ಲ. ಅಲ್ಲಿನ ಆದಿಕೇಶವ ಪೆರುಮಾಳ್ ದೇವಾಲಯದಲ್ಲಿ ಭಾನುವಾರ ಬೆಳಿಗ್ಗೆ ಬೇಗ ದರ್ಶನ ಮುಗಿಸಿ ಟ್ರ್ಯಾಕಿಗೆ ಹೋಗುವುದೆಂದು ತೀರ್ಮಾನವಾಗಿದೆ. ಶನಿವಾರ ಅಮ್ಮ ಹೋಟೆಲಿನಲ್ಲೇ ಇರುತ್ತೇನೆಂದಿದ್ದರು. ಅಪ್ಪ ಷೋಲಾವರಂಗೆ ಒಂದು ಸಲವೂ ತನ್ನನ್ನು ಕರೆದೊಯ್ಯಲಿಲ್ಲ ಎಂಬುದನ್ನು ನೆನಪಿಸಿಕೊಂಡು, ಎರಡು ದಿನವೂ ಬರುತ್ತೇನೆಂದು ಮೊನ್ನೆ ಮನಸ್ಸು ಬದಲಾಯಿಸಿದ್ದಾರೆ. ಹೀಗಾಗಿ ಮಡಿಸುವ ಕುರ್ಚಿ, ದೊಡ್ಡ ಕೊಡೆ, ನೀರು, ಮೊಸರನ್ನದ ಡಬ್ಬಿ ಎಲ್ಲವೂ ಪಟ್ಟಿಗೆ ಸೇರಿವೆ. ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಬಿರಡೆಗಳು ಮೂವರಿಗೂ ಕಡ್ಡಾಯ. ಮೊದಲ ಸಲ ಅವಿಲ್ಲದೆ ಹೋಗಿ ರಾತ್ರಿಯೆಲ್ಲ ಕಿವಿ ಗುಂಯ್‌ಗುಟ್ಟಿದ್ದನ್ನು ನಾನು ಮರೆತಿಲ್ಲ.

ಹದಿನಾಲ್ಕರ ಮಗಳಿಗೆ ನಾನು ಈಗ ಬಾವುಟಗಳನ್ನು ಕಲಿಸುತ್ತಿದ್ದೇನೆ. ಟ್ರ್ಯಾಕಿನಲ್ಲಿ ದೊಡ್ಡ ಪರದೆಯನ್ನು ನಂಬಿಕೊಳ್ಳುವಂತಿಲ್ಲ, ಧ್ವನಿವರ್ಧಕದ ಮಾತು ಎಂಜಿನ್ನಿನ ಸದ್ದಿನಲ್ಲಿ ಮುಳುಗುತ್ತದೆ. ಪ್ರತಿ ತಿರುವಿನಲ್ಲಿ ನಿಂತು ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಕೈಯಲ್ಲಿರುವ ಬಾವುಟವೇ ನಮಗೆ ಸುದ್ದಿ. ಹಳದಿ ಎಂದರೆ ಮುಂದೆ ಅಪಾಯವಿದೆ, ಯಾರೂ ಯಾರನ್ನೂ ಹಿಂದಿಕ್ಕುವಂತಿಲ್ಲ. ನೀಲಿ ಎಂದರೆ ಹಿಂದಿನಿಂದ ವೇಗದವನು ಬರುತ್ತಿದ್ದಾನೆ. ಕೆಂಪು ಹಳದಿ ಪಟ್ಟೆಯೆಂದರೆ ನೆಲ ಜಾರುತ್ತದೆ, ಎಣ್ಣೆಯೋ ನೀರೋ ಬಿದ್ದಿದೆ. ಕೆಂಪು ಬಂದರೆ ಓಟ ನಿಂತಿತು. ಮಾರ್ಷಲ್‌ಗಳಲ್ಲಿ ಬಹಳಷ್ಟು ಮಂದಿ ಬಿಸಿಲು ಮಳೆಯೆನ್ನದೆ ಪ್ರೀತಿಯಿಂದ ಬಂದು ನಿಲ್ಲುವ ಸ್ವಯಂಸೇವಕರು ಎಂಬುದನ್ನು ಕೇಳಿ ಅವಳಿಗೆ ಆಶ್ಚರ್ಯವಾಯಿತು. ಜೇಮಿ ಚಾಡ್ವಿಕ್ ಎಂಬ ಬ್ರಿಟಿಷ್ ಯುವತಿ 2019ರ ಫೆಬ್ರವರಿಯಲ್ಲಿ ಇದೇ ಟ್ರ್ಯಾಕಿನಲ್ಲಿ ಎಂಆರ್‌ಎಫ್ ಚಾಲೆಂಜ್ ಎಂಬ ಕಾರು ರೇಸ್ ಸರಣಿಯ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡು, ಅದನ್ನು ಗೆದ್ದ ಮೊದಲ ಮಹಿಳೆಯಾದರು. ಅದೇ ವರ್ಷ ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಕಚ್ಚಾ ನೆಲದ ಮೇಲೆ ನಡೆಯುವ ಬೈಕಿನ ಬಾಹಾ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು. ಈ ಎರಡು ಸಂಗತಿಗಳನ್ನು ಮಗಳು ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾಳೆ.

ಕಾರುಗಳಿಗಿಂತ ಬೈಕುಗಳ ವಾರಾಂತ್ಯವನ್ನು ನಾವು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಒಂದೇ ಮಾದರಿಯ ಬೈಕುಗಳ ರೇಸಿನಲ್ಲಿ ಎಲ್ಲರ ಶಕ್ತಿಯೂ ಹೆಚ್ಚುಕಡಿಮೆ ಸಮ. ಮುಂದಿನವನು ಗಾಳಿಯನ್ನು ಸೀಳಿ ಹೋದರೆ ಅವನ ಬೆನ್ನಿಗಂಟಿದವನಿಗೆ ಗಾಳಿಯ ತಡೆ ಕಡಿಮೆಯಾಗಿ ನೇರದಾರಿಯ ಕೊನೆಯಲ್ಲಿ ಹೊರಬಂದು ಪಕ್ಕಕ್ಕೆ ಹಾರಲು ಸಾಧ್ಯವಾಗುತ್ತದೆ. ಆದ್ದರಿಂದ ಐದಾರು ಮಂದಿ ಒಂದು ಗೊಂಚಲಿನಂತೆ ಸುತ್ತಿ, ಕೊನೆಯ ಸುತ್ತಿನವರೆಗೂ ಯಾರು ಗೆಲ್ಲುತ್ತಾರೆ ಎಂಬುದು ತೀರ್ಮಾನವಾಗುವುದಿಲ್ಲ. ಆ ಗೊಂಚಲು ನಾವು ನಿಂತ ತಿರುವಿಗೆ ಬಂದು ಬಿಚ್ಚಿಕೊಳ್ಳುವುದನ್ನು ನೋಡಬೇಕೆಂಬುದೇ ನನ್ನ ಇಷ್ಟು ದಿನದ ಸಿದ್ಧತೆಯ ಗುರಿ. ಟಿವಿಎಸ್ ರೇಸಿಂಗ್ ತಂಡದ ಬೈಕುಗಳು ಬೆಂಗಳೂರಿನ ಮಗ್ಗುಲಿನ ಹೊಸೂರಿನಿಂದಲೇ ಅಲ್ಲಿಗೆ ಹೋಗುವವು, ನಾವು ಸಾಗುವ ಹೆದ್ದಾರಿಯಲ್ಲೇ.

ಇದು ಅಪಾಯವಿಲ್ಲದ ಆಟವೆಂದು ಮಗಳಿಗೆ ನಾನು ಹೇಳಿಲ್ಲ. 2023ರ ಜನವರಿಯಲ್ಲಿ ಈ ಟ್ರ್ಯಾಕಿನಲ್ಲಿ 59 ವರ್ಷದ ಅನುಭವಿ ಕಾರು ಚಾಲಕರೊಬ್ಬರು ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಬೈಕ್ ಸವಾರ, ಮಗಳಿಗಿಂತ ಚಿಕ್ಕವನು, ರೇಸಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡ. ಆ ಸುದ್ದಿ ಓದಿದ ವಾರ ನಾನು ಈ ಆಟವನ್ನು ನೋಡುವುದನ್ನೇ ಬಿಡಬೇಕೆಂದುಕೊಂಡಿದ್ದೆ. ಬಿಡಲಿಲ್ಲ, ಆದರೆ ಅಂದಿನಿಂದ ಯಾರಾದರೂ ಬಿದ್ದಾಗ ಜನ ಕೂಗುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ. ಕೆಂಪು ಬಾವುಟ ಬಂದು ಆಂಬ್ಯುಲೆನ್ಸ್ ಹೊರಟರೆ ಫೋನನ್ನು ಒಳಗಿಡಬೇಕು, ಚಿತ್ರ ತೆಗೆಯಬಾರದು, ಬೇಲಿಯ ಕಡೆಗೆ ಓಡಬಾರದು, ಮಾರ್ಷಲ್ ಹೇಳಿದ ಕಡೆ ಸರಿದು ನಿಲ್ಲಬೇಕು ಎಂದು ಅವಳೊಂದಿಗೆ ಮೊದಲೇ ಮಾತನಾಡಿದ್ದೇನೆ. ಅವಳಿಗೆ ನೋಡಲು ಕಷ್ಟವಾದರೆ ಯಾವ ಕ್ಷಣದಲ್ಲಾದರೂ ಹೊರಟುಬಿಡುವುದೆಂಬ ಒಪ್ಪಂದವೂ ನಮ್ಮ ನಡುವೆ ಇದೆ.

ರೇಸುಗಳ ನಡುವಿನ ಬಿಡುವಿನಲ್ಲಿ, ಅನುಮತಿ ಸಿಕ್ಕರೆ, ತಂಡಗಳು ವಾಹನಗಳನ್ನು ಸಜ್ಜುಗೊಳಿಸುವ ಆವರಣವಾದ ಪ್ಯಾಡಕ್ಕಿಗೆ ಹೋಗಬೇಕು. ಫಾರ್ಮುಲಾ ಒನ್ನಿನಲ್ಲಿ ಹತ್ತಿರ ಸುಳಿಯಲೂ ಆಗದ ಈ ಜಾಗ ದೇಶೀ ರೇಸುಗಳಲ್ಲಿ ಅಷ್ಟು ಬಿಗಿಯಾಗಿ ಮುಚ್ಚಿರುವುದಿಲ್ಲ. ಕಳೆದ ಸಲ ಹೊರಡುವ ಗಡಿಬಿಡಿಯಲ್ಲಿ ಅಲ್ಲಿ ಐದು ನಿಮಿಷ ಕಳೆದಿದ್ದೆ. ಒಬ್ಬ ಮೆಕ್ಯಾನಿಕ್ ನೆಲದ ಮೇಲೆ ಕೂತು, ಮುರಿದ ಫುಟ್‌ರೆಸ್ಟನ್ನು ಬಿಚ್ಚಿ ಬೇರೊಂದನ್ನು ಕೂಡಿಸುತ್ತಿದ್ದ, ಪಕ್ಕದಲ್ಲಿ ಸವಾರ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಮಾತಿಲ್ಲದೆ ನಿಂತಿದ್ದ. ಆ ಹುಡುಗ ಮುಂದಿನ ರೇಸಿಗೆ ಹೋದನೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ. ಈ ಸಲ ನಿಲ್ಲುತ್ತೇನೆ.

ಟ್ರ್ಯಾಕಿನ ನಕ್ಷೆಯನ್ನು ಮಗಳು ದೊಡ್ಡ ಹಾಳೆಯಲ್ಲಿ ಬರೆದು ಊಟದ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ನಾನು ಗುರುತು ಹಾಕಿದ ತಿರುವಿಗೆ ಅವಳು ಒಪ್ಪಿಲ್ಲ. ಅದರ ಹಿಂದಿನದರಲ್ಲೇ ಎಲ್ಲ ನಿರ್ಧಾರವಾಗುತ್ತದೆ ಎಂಬುದು ಅವಳ ವಾದ, ಅಮ್ಮ ಕೇಳುವುದು ಎರಡರಲ್ಲಿ ನೆರಳಿರುವುದು ಯಾವುದಕ್ಕೆ ಎಂದು. ಶನಿವಾರ ಬೆಳಿಗ್ಗೆ ಬೇಗ ಹೋಗಿ, ಬೈಕುಗಳು ಹೊರಬರುವ ಮೊದಲು, ಪ್ರೇಕ್ಷಕರಿಗೆ ಬಿಡುವಷ್ಟು ದೂರ ಮೂವರೂ ನಡೆದು ನೋಡಿ ಅಲ್ಲಿಯೇ ತೀರ್ಮಾನಿಸುವುದೆಂದು ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ.